ಗ್ಯಾರೇಜಿಗೆ ಬಂದರೆ ವಾಸಿಯಾಗುವ ಕಾರು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಟ್ಟೆ ಹೊಲಿಯುವ ಟೈಲರಮ್ಮನ ಮನೆಯಂಗಳದಲ್ಲಿ, ಬಾನೆಟ್ ಎತ್ತಿದ ಹಳೆಯ ಕಾರಿನ ಮುಂದೆ ಮೀಟರಣ್ಣ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಾರೆ. ಕಾರುಗಳ ವೈರಿಂಗ್ ಕೆಲಸ ಅವರದು. ಕರೆಂಟು ಅಳೆಯುವ ಮೀಟರು ಸದಾ ಕುತ್ತಿಗೆಯಲ್ಲಿ ನೇತಾಡುವುದರಿಂದ ಆ ಹೆಸರು. ಬಂದವರು ಮೊದಲು ಕಳಚಿದ್ದು ಹಾರ್ನಿನ ವೈರು. “ಕೈತಪ್ಪಿ ಪೇಂ ಅಂದ್ರೆ ಬೀದಿಯೆಲ್ಲ ಎದ್ದು ಕೂರುತ್ತೆ. ಮಲಗಿರೋರು ಏನು ಪಾಪ ಮಾಡಿದ್ದಾರೆ?”

ಒಳಗೆ ಟೈಲರಮ್ಮನ ತಾಯಿ ಡಯಾಲಿಸಿಸ್‌ಗೆ ಹೊರಟು ಕೂತಿದ್ದಾರೆ. ಕಳೆದ ವಾರ ಬೆಳಗ್ಗೆ ಕಾರು ಸ್ಟಾರ್ಟ್ ಆಗದೆ ಒಂದು ಸರದಿ ತಪ್ಪಿತ್ತು. ತಾಯಿಯ ಕಾಲು ಊದಿಕೊಂಡು, ಉಸಿರಾಡಲು ಕಷ್ಟವಾಗಿ, ಮಗಳ ಜೀವ ಬಾಯಿಗೆ ಬಂದಿತ್ತು. ಇನ್ನೊಮ್ಮೆ ತಪ್ಪಕೂಡದು.

ಒಬ್ಬ ಮೆಕ್ಯಾನಿಕ್ ಬ್ಯಾಟರಿ ಬದಲಾಯಿಸಿದ. ಇನ್ನೊಬ್ಬ ಡೈನಮೊ ಬದಲಾಯಿಸಿದ. ಮತ್ತೊಬ್ಬ, ಕಾರನ್ನೇ ಮಾರಿಬಿಡಿ ಎಂದ. ಮೀಟರಣ್ಣ ಮಾತ್ರ ಕಾರನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡು, ಎಲ್ಲ ವೈರುಗಳನ್ನೂ ತಡವಿ, “ಗೊತ್ತಾಗ್ತಿಲ್ಲ ತಂಗಿ” ಎಂದು ವಾಪಸು ಕೊಟ್ಟರು. “ಆ ಮಾತು ಕೇಳಿದ್ಮೇಲೆ ಇವರನ್ನ ಬಿಡಬಾರದು ಅನ್ನಿಸ್ತು” ಎನ್ನುತ್ತಾರೆ ಟೈಲರಮ್ಮ.

ಬ್ಯಾಟರಿ ಅಂಗಡಿಯಲ್ಲಿ ಆ್ಯಸಿಡ್ ಸುರಿಯುತ್ತಾ ಕೆಲಸ ಕಲಿತವರು ಮೀಟರಣ್ಣ. ಅವರ ಬೆರಳ ತುದಿಗಳು ಸುಟ್ಟು ನುಣುಪಾಗಿವೆ. ಆದರೆ ಈ ಕಾರು ಅವರ ನಿದ್ದೆಯನ್ನೇ ಕದ್ದಿದೆ. “ನನ್ನ ಹತ್ರ ಬಂದ್ರೆ ಪಾಪದ ಹಸು, ಮನೆಗೆ ಹೋದ್ರೆ ಮೊಂಡಾಟ. ಅದಕ್ಕೇ ಅದು ಮಲಗೋ ಜಾಗದಲ್ಲೇ ನೋಡೋಣ ಅಂತ ಬಂದೆ.”

ಕಾರಿನ ಬ್ಯಾಟರಿ ರಾತ್ರಿ ಕಳೆಯುವಷ್ಟರಲ್ಲಿ ಖಾಲಿ; ತಾವು ತಂದದ್ದನ್ನು, ನಡುವೆ ಮೀಟರಿಟ್ಟು, ಜೋಡಿಸುತ್ತಾರೆ. ಮೀಟರಿನ ಮುಳ್ಳು ಏಳುತ್ತದೆ. ಕೀಲಿ ಇನ್ನೂ ಟೈಲರಮ್ಮನ ಕೈಯಲ್ಲೇ ಇದೆ! ಯಾರೋ ಒಳಗೊಳಗೇ ಕರೆಂಟು ಕುಡಿಯುತ್ತಿದ್ದಾರೆ. ಯಾರು? ರೇಡಿಯೊ ಅಲ್ಲ, ದೀಪಗಳಲ್ಲ. ಮೀಟರಣ್ಣ ಕಾರಿನ ಸುತ್ತ ಒಂದು ಸುತ್ತು ಹಾಕುತ್ತಾರೆ, ಇನ್ನೊಂದು ಹಾಕುತ್ತಾರೆ, ಹಿಂಬದಿಯಲ್ಲಿ ತಟ್ಟನೆ ನಿಲ್ಲುತ್ತಾರೆ. ಡಿಕ್ಕಿಯ ಅಂಚಿನಲ್ಲಿ ನೂಲಿನಷ್ಟು ಬೆಳಕು.

ಮುಚ್ಚಳ ಎತ್ತಿದರೆ, ಆಸ್ಪತ್ರೆಗೆಂದು ಸದಾ ಅಲ್ಲೇ ಇಡುವ ತಾಯಿಯ ಗಾಲಿಕುರ್ಚಿ. ಮಡಿಸಿಟ್ಟ ಅದರ ಹಿಡಿ ಮುಚ್ಚಳವನ್ನು ಒಂಚೂರು ಮೇಲಕ್ಕೆ ಒತ್ತಿ, ಡಿಕ್ಕಿಯ ದೀಪ ಆರದಂತೆ ಮಾಡಿದೆ.

“ಗ್ಯಾರೇಜಿಗೆ ಬಂದಾಗ ಇದು ಇರಲಿಲ್ವಲ್ಲ!”

“ಸಾಮಾನೆಲ್ಲ ತೆಗೆದು ಗಾಡಿ ಬಿಡಿ ಅಂತ ಬೋರ್ಡ್ ಹಾಕಿರೋರು ಯಾರಣ್ಣ?”

ಹಿಂದೊಮ್ಮೆ ಯಾರದೋ ಕೊಡೆ ಕಾಣೆಯಾಗಿ ಮಾತು ಬಂದಿತ್ತಂತೆ. ಅಂದಿನಿಂದ ಆ ಬೋರ್ಡು. ಮೀಟರಣ್ಣ ಹಣೆ ಚಚ್ಚಿಕೊಳ್ಳುತ್ತಾರೆ. “ಕಳ್ಳನನ್ನ ಮನೇಲೇ ಬಿಟ್ಟು ಬನ್ನಿ ಅಂತ ನಾನೇ ಬರೆದು ಹಾಕಿದೀನಿ!”

ಗಾಲಿಕುರ್ಚಿ ಹಿಂದಿನ ಸೀಟಿಗೆ ಹೋಗುತ್ತದೆ, ತಾಯಿ ಆಸ್ಪತ್ರೆಗೆ. ಮೀಟರಣ್ಣನಿಗೆ ಮಾತ್ರ ಸಮಾಧಾನವಿಲ್ಲ. “ಇದೊಂದೇನಾ, ಇನ್ನೇನಾದ್ರೂ ಇದೆಯಾ? ಯಾರಿಗೆ ಗೊತ್ತು?”

ಮುಂದಿನ ಸರದಿಯ ಬೆಳಗ್ಗೆ ಟೈಲರಮ್ಮ ಕೀಲಿ ತಿರುಗಿಸುತ್ತಾರೆ. ಎಂಜಿನ್ ಒಂದೇ ಸಲಕ್ಕೆ ಗುರ್ ಎನ್ನುತ್ತದೆ. ಗೇಟಿನಾಚೆ ಸ್ಕೂಟರಿಗೆ ಒರಗಿ ನಿಂತ ಮೀಟರಣ್ಣನನ್ನು ಕಂಡು ತಾಯಿ ಕಿಟಕಿ ಇಳಿಸುತ್ತಾರೆ.

“ಏನಪ್ಪಾ, ಇವತ್ತು ನಿನ್ನ ಯಾರು ಕರೆದ್ರು?”

“ಯಾರೂ ಇಲ್ಲಮ್ಮ. ಈ ಸದ್ದು ಕೇಳ್ಕೊಂಡು ಹೋಗೋಣ ಅಂತ ಬಂದೆ.”