ಕೇಳಿ ಒಯ್ದ ಕುಡಿ

ಸೇವಂತಿಗೆಯ ಕುಡಿಯನ್ನು ಅವಳು ಹೆಬ್ಬೆರಳಿನ ಉಗುರಿನಿಂದ, ಮೂರನೇ ಗಿಣ್ಣಿನ ಕೆಳಗೆ ಚಿವುಟುತ್ತಿದ್ದಳು. ಕೊಪ್ಪದಲ್ಲಿ ಕಾಲೇಜಿಗೆ ಹೋಗುವಾಗ ಗೆಳತಿಯರು ನಾವಿಬ್ಬರೂ ದಾರಿಯ ಯಾವ ಬೇಲಿಯನ್ನೂ ಬಿಟ್ಟವರಲ್ಲ. ಆ ಮನೆಯವರು ನೋಡುತ್ತ ನಿಂತಿದ್ದರೂ ಅವಳು ಕೇಳದೆ ಕದ್ದೇ ತರುತ್ತಿದ್ದಳು. "ಕೇಳಿ ತಂದದ್ದು ಚಿಗುರೂದಿಲ್ಲ ಮಾರಾಯ್ತಿ" ಎನ್ನುವಳು.

ಓದು, ಕೆಲಸವೆಂದು ಊರು ಬಿಟ್ಟಿದ್ದ ನಾನು ಈ ವರ್ಷ ಮರಳಿದೆ. ನಡುವೆ ಅವಳ ಅಪ್ಪ ತೀರಿಕೊಂಡಾಗ ಬಂದಿರಲಿಲ್ಲ, ಫೋನೂ ಮಾಡಿರಲಿಲ್ಲ. ಮಳೆ ಬಿಟ್ಟ ಮೇಲೆ ಒಂದು ಸಂಜೆ, ನಾನು ಅಂಗಳದಲ್ಲಿ ಪಾತಿ ಮಾಡುತ್ತಿದ್ದಾಗ ಅವಳೇ ಬಂದಳು. ನಾನು ಗೊಬ್ಬರದ ಬಗ್ಗೆ ಮಾತಾಡುತ್ತಲೇ ಇದ್ದೆ, ಅಗೆಯುತ್ತಲೇ ಇದ್ದೆ.

"ಎಂತ, ಬಾವಿ ತೋಡ್ತೀಯನೇ?" ಎಂದು ನಕ್ಕಳು.

ಹೊರಡುವಾಗ ಸೇವಂತಿಗೆಯ ಮುಂದೆ ನಿಂತು, "ಒಂದು ಕುಡಿ ತಗೊಳ್ಲಾ?" ಎಂದಳು. ಅವಳು ಕೇಳಿದ್ದು ಅದೇ ಮೊದಲು. ನಾನು ಕತ್ತರಿ ತಂದು ಮೂರು ಕುಡಿ ಕತ್ತರಿಸಿ ಕೊಟ್ಟೆ. "ಥ್ಯಾಂಕ್ಸ್" ಎಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹಿರೇಕೊಡಿಗೆಯ ಅವಳ ಮನೆಗೆ ಹೋದೆ. ಅವಳು ಬಾಗಿಲು ತೆರೆದು ಒಳಗೆ ಕರೆಯುವ ಮೊದಲೇ, "ನಿನ್ನ ಅಪ್ಪ ಹೋದಾಗ ನಾನು ಬರಬೇಕಿತ್ತು" ಎಂದೆ.