ನೀರಿನ ಪಾರ್ಕಿಗೆ ಕರೆಯಲು ಹೋದದ್ದು

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸು ಎಂಟಕ್ಕೆ ಹೊರಡಬೇಕಿತ್ತು, ಎಂಟೂವರೆಗೆ ಹೊರಟಿತು. ಏಪ್ರಿಲ್ ತಿಂಗಳು. ಅಷ್ಟು ಹೊತ್ತಿಗಾಗಲೇ ಕಿಟಕಿಯ ಕಂಬಿ ಕೈಗೆ ಬಿಸಿ ತಾಗುತ್ತಿತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟರು. "ಒಬ್ರೇನಾಮ್ಮ?" ಎಂದರು. "ಒಬ್ಬಳೇ" ಎಂದೆ. ಮದುವೆಯಾದಾಗಿನಿಂದ ಈ ದಾರಿಯಲ್ಲಿ ಒಬ್ಬಳೇ ಹೋದದ್ದು ಅದೇ ಮೊದಲು.

ಹೋಗುತ್ತಿದ್ದ ಕೆಲಸ ಹೇಳಿದರೆ ಯಾರಾದರೂ ನಗುತ್ತಾರೆ. ಪ್ರತಿ ಬೇಸಿಗೆ ರಜೆಯಲ್ಲಿ ನಮ್ಮ ಕುಟುಂಬದವರೆಲ್ಲ ಮಿನಿ ಬಸ್ಸು ಮಾಡಿಕೊಂಡು ಯಾವುದಾದರೊಂದು ಪಾರ್ಕಿಗೆ ಹೋಗುತ್ತೇವೆ. ನೀರಿನಲ್ಲಿ ಆಡುವುದು, ಎತ್ತರದ ಚಕ್ರದಲ್ಲಿ ಕೂರುವುದು, ಸಂಜೆ ಸುಸ್ತಾಗಿ ವಾಪಸು ಬರುವುದು, ಇಷ್ಟೆ. ಅರಸೀಕೆರೆಯ ನಮ್ಮ ಮನೆ, ಪಕ್ಕದ ಬೀದಿಯಲ್ಲಿರುವ ಮೈದುನ ಶಿವಣ್ಣನ ಮನೆ, ಬಸ್ತಿಹಳ್ಳಿಗೆ ಕೊಟ್ಟಿರುವ ನಾದಿನಿ ನಾಗರತ್ನಳ ಮನೆ, ಬೇಲೂರಿನಲ್ಲಿರುವ ನಮ್ಮ ಯಜಮಾನರ ಅಕ್ಕ ಮಂಗಳಕ್ಕನ ಮನೆ, ಎಲ್ಲ ಸೇರಿದರೆ ಇಪ್ಪತ್ತು ಜನ ದಾಟುತ್ತೇವೆ. ಯಾವ ಪಾರ್ಕು ಎಂದು ತೀರ್ಮಾನಿಸುವುದು ನಮ್ಮ ಯಜಮಾನರ ಪಾಲಿನ ಕೆಲಸವಾಗಿತ್ತು. ಅವರು ಫೋನಿನಲ್ಲಿ ಕೇಳುತ್ತಿರಲಿಲ್ಲ. ಮದುವೆಗೆ ಕರೆಯುವ ಹಾಗೆ ಮನೆಮನೆಗೂ ಹೋಗಿ, ಕಾಫಿ ಕುಡಿದು, ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರ ಮಾತೂ ಕೇಳಿಕೊಂಡು ಬರುತ್ತಿದ್ದರು. ಕೊನೆಗೆ ತಮಗೆ ಸರಿ ಕಂಡದ್ದನ್ನೇ ಹೇಳುತ್ತಿದ್ದರು. ಯಾರೂ ಎದುರಾಡುತ್ತಿರಲಿಲ್ಲ, ಏಕೆಂದರೆ ಅವರು ಕೇಳಿದ್ದರು.

ಕಳೆದ ಆಷಾಢದಲ್ಲಿ ಅವರು ತೀರಿಕೊಂಡರು. ಕೊಬ್ಬರಿ ಮಂಡಿಯಿಂದ ಮಧ್ಯಾಹ್ನ ಮನೆಗೆ ಬಂದು, ಎದೆ ಹಿಡಿದಂತಾಗಿದೆ ಎಂದು ಮಂಚದ ಮೇಲೆ ಕೂತರು. ಶಿವಣ್ಣ ಕಾರು ತರುವಷ್ಟರಲ್ಲಿ ಮುಗಿದಿತ್ತು.

ಈ ವರ್ಷ ಶಿವಣ್ಣ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಓಟು ಹಾಕಿಸಿದ. ಮೈಸೂರಿನ ಪಾರ್ಕಿಗೆ ಎಷ್ಟು ಜನವೋ ಬೆಂಗಳೂರಿನದಕ್ಕೂ ಅಷ್ಟೇ ಜನ. ಎರಡು ದಿನ ಜಗಳವಾಯಿತು. ಮೂರನೆಯ ದಿನ ಮಂಗಳಕ್ಕ ಮೊಮ್ಮಗಳ ಕೈಲಿ ಒಂದೇ ಸಾಲು ಹಾಕಿಸಿದರು: "ನಾನು ಬರಲ್ಲ." ಆಮೇಲೆ ಯಾರೂ ಏನೂ ಬರೆಯಲಿಲ್ಲ.

ನನಗೂ ಹೋಗುವ ಮನಸ್ಸಿರಲಿಲ್ಲ. ವರ್ಷ ತುಂಬಿಲ್ಲ, ಈ ಸಲ ಬೇಡ ಎಂದುಬಿಡೋಣವೆಂದರೆ ನಮ್ಮವರಲ್ಲಿ ಸೂತಕವಿಲ್ಲ. ಲಿಂಗದಲ್ಲಿ ಸೇರಿದವರಿಗೆ ಸೂತಕ ಹಿಡಿಯಬಾರದೆಂದು ಮಠದ ಅಯ್ಯನವರು ಮಣ್ಣು ಮಾಡಿದ ದಿನವೇ ಹೇಳಿದ್ದರು. ಒಳ್ಳೆಯ ಮಾತೇ. ಆದರೆ ಬಾಗಿಲು ಹಾಕಿಕೊಂಡು ಕೂರಲು ಬೇರೆಯವರಿಗೆ ಇರುವ ನೆಪ ನಮಗಿಲ್ಲ. ಒಂದು ವರ್ಷ ನಿಂತರೆ ಇದು ನಿಂತೇಹೋಗುತ್ತದೆ, ನಾಲ್ಕು ಮನೆಯವರು ಇನ್ನು ಸಾವಿಗೋ ಮದುವೆಗೋ ಮಾತ್ರ ಸೇರುತ್ತೇವೆ ಎಂಬುದು ನನಗೆ ಕಾಣುತ್ತಿತ್ತು. ಮಿನಿ ಬಸ್ಸಿನವನಿಗೆ ಸಂಜೆಯೊಳಗೆ ತಿಳಿಸಬೇಕು ಎಂದು ಶಿವಣ್ಣ ಹೇಳಿದ ಬೆಳಿಗ್ಗೆ ನಾನು ಚೀಲ ತೆಗೆದುಕೊಂಡು ಹೊರಟೆ.

ಬಾಣಾವರ, ಜಾವಗಲ್ ದಾಟಿ ಹಳೇಬೀಡು ಸೇರುವಾಗ ಹತ್ತು ಗಂಟೆ. ಹಾದಿಯುದ್ದಕ್ಕೂ ತೆಂಗಿನ ತೋಟಗಳು, ನಡುವೆ ಉತ್ತು ಬಿಟ್ಟ ಕೆಂಪು ಹೊಲಗಳು. ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸುಗಳು ನಿಂತಿದ್ದವು. ಎಳನೀರಿನವನು ನಲವತ್ತು ರೂಪಾಯಿ ಎಂದ. ತೆಂಗಿನ ಊರಿನವಳಿಗೆ ಅಷ್ಟು ಕೊಟ್ಟು ಕುಡಿಯಲು ಮನಸ್ಸಾಗಲಿಲ್ಲ. ಬಸ್ತಿಹಳ್ಳಿಗೆ ನಡೆದೇ ಹೋದೆ.

ನಾಗರತ್ನ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ಇನ್ನೂ ಯಾರೋ ಬರುತ್ತಿರುವಂತೆ ಒಂದು ಕ್ಷಣ ಬೀದಿ ನೋಡಿ, ತಕ್ಷಣ ಒಳಗೆ ತಿರುಗಿದಳು. ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟಳು. ಅವಳ ಅತ್ತೆ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಬೆಂಗಳೂರಿಂದೇ ಆಗ್ಲಿ ಅತ್ತಿಗೆ," ಎಂದಳು ನಾಗರತ್ನ. "ಹುಡುಗ್ರು ಬೆಳೆದವ್ರೆ. ಮೈಸೂರಿಂದು ಎಷ್ಟು ಸಲ ಅಂತ ನೋಡಾದು? ಬೆಂಗಳೂರಲ್ಲಿ ತಲೆಕೆಳಗು ಮಾಡಿ ತಿರುಗಿಸೋದು ಬಂದೈತಂತೆ."

"ಕಾಸು ಕೊಟ್ಟು ತಲೆಕೆಳಗಾಗ್ತಾರಂತೆ," ಎಂದರು ಅತ್ತೆ. "ನಮ್ ಆಲದ್ ಮರದಲ್ಲಿ ಬಾವಲಿಗಳು ಬಿಟ್ಟೀಲಿ ನೇತಾಡ್ತವೆ. ನೋಡ್ಕಂಡ್ ಬರ್ರಿ ಅಂತ ಹೇಳು."

"ನೀವ್ ಸುಮ್ನಿರಿ ಅತ್ತೆ. ಹೋದ್ ವರ್ಸ ಐಸ್‌ಕ್ರೀಮ್ ಎರಡು ಸಲ ಕೊಡಿಸ್ಕಂಡೋರು ಯಾರು?"

"ನಾನ್ ಕೇಳಿದ್ನಾ? ಆ ಪುಣ್ಯಾತ್ಮ ತಂದ್ಕೊಟ್ಟ, ತಿಂದೆ."

ಪುಣ್ಯಾತ್ಮ ಯಾರೆಂದು ಯಾರೂ ಹೇಳಬೇಕಿರಲಿಲ್ಲ. ನಾಗರತ್ನ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನಮ್ಮಣ್ಣ ನೆರಳು ನೋಡಿ ಪಾರ್ಕು ಆರಿಸೋನು. ಮುದುಕರ ಬುದ್ಧಿ ಅಂತ ನಾವೆಲ್ಲ ಬಯ್ಯೋವು," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಈ ಸಲ ಚೀಲ ಯಾರು ಕಾಯ್ತಾರೆ?"

ಇದನ್ನು ಸ್ವಲ್ಪ ವಿವರಿಸಬೇಕು. ಮೊದಲ ವರ್ಷ ನೀರಿನ ಆಟದ ಬಾಗಿಲಲ್ಲಿ ನಿಂತಿದ್ದ ಹುಡುಗ, ಕೊರಳಲ್ಲಿರುವುದನ್ನೆಲ್ಲ ತೆಗೆದು ಲಾಕರಿನಲ್ಲಿ ಇಡಿ ಎಂದು ಎಲ್ಲರಿಗೂ ಹೇಳಿದ. ನಮ್ಮ ಯಜಮಾನರ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇತ್ತು. ಲಿಂಗ ಕಟ್ಟಿದವರು ಅದನ್ನು ಮೈಯಿಂದ ಇಳಿಸುವುದಿಲ್ಲ. ಅವರು ಆ ಹುಡುಗನ ಜೊತೆ ವಾದ ಮಾಡಲಿಲ್ಲ. ಆಗಲಪ್ಪ ಎಂದು ಸಾಲಿನಿಂದ ಹೊರಗೆ ಬಂದರು. ಮಂಗಳಕ್ಕನೂ ಹಾಗೆಯೇ ಬಂದರು. ಅಂದಿನಿಂದ ಪ್ರತಿ ವರ್ಷವೂ ಅಕ್ಕ ತಮ್ಮ ಇಬ್ಬರೂ ಒಂದು ಬೆಂಚಿನ ಮೇಲೆ ಎಲ್ಲರ ಚೀಲ, ಚಪ್ಪಲಿ ಕಾಯುತ್ತ ದಿನವಿಡೀ ಕೂತಿರುತ್ತಿದ್ದರು. ನನ್ನ ತವರಿನಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ, ಪೂಜೆಯ ಹೊತ್ತಿಗೆ ಮಾತ್ರ ಲಿಂಗ ಕಟ್ಟಿಕೊಳ್ಳುವ ಅಭ್ಯಾಸ. ಹಾಗಾಗಿ ಮಕ್ಕಳ ಜೊತೆ ನೀರಿಗಿಳಿಯುವುದು ನನ್ನ ಕೆಲಸವಾಯಿತು.

"ಚೀಲ ನಾನು ಕಾಯ್ತೀನಿ," ಎಂದೆ. ಅದನ್ನು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದೆ. ಅವರು ಕೂರುತ್ತಿದ್ದ ಕಡೆ ಕೂರುವುದು, ಸಂಜೆ ಎದ್ದು ಬರುವುದು.

"ಮಂಗಳಕ್ಕ ಬಂದ್ರೆ ಎಲ್ಲಿಗಾದ್ರೂ ಸೈ. ಅವ್ಳಿಲ್ದೆ ನಾವೂ ಬರಲ್ಲ ಅತ್ತಿಗೆ," ಎಂದಳು ನಾಗರತ್ನ. "ಅಣ್ಣನೂ ಇಲ್ಲ, ಅಕ್ಕನೂ ಇಲ್ಲ ಅಂದ್ರೆ ನಾ ಯಾರ ಜೊತೆ ಹೋದಂಗಾಯ್ತು?"

ಊರಿನ ಜೈನ ಬಸದಿಗಳ ಪಕ್ಕದಿಂದಲೇ ಹಳೇಬೀಡಿಗೆ ವಾಪಸು ಬಂದೆ. ಒಳಗೆ ಯಾರೋ ಮಕ್ಕಳು ನುಣುಪಾದ ಕಲ್ಲುಕಂಬದಲ್ಲಿ ಮುಖ ನೋಡಿಕೊಳ್ಳುತ್ತ ಗಲಾಟೆ ಮಾಡುತ್ತಿದ್ದರು. ನಾನು ಒಳಗೆ ಹೋಗಲಿಲ್ಲ. ಅಷ್ಟರಲ್ಲಿ ಬೇಲೂರಿನ ನೇರ ಬಸ್ಸು ಹೋಗಿಯಾಗಿತ್ತು. ಮುಂದಿನದು ಮಧ್ಯಾಹ್ನಕ್ಕೆ ಎಂದರು. ಹಗರೆಗೆ ಹೋಗುವ ಬಸ್ಸು ಹತ್ತಿದೆ, ಅಲ್ಲಿ ಬದಲಿಸಬಹುದೆಂದು.

ಹಗರೆಯ ಮುಖ್ಯರಸ್ತೆಯಲ್ಲಿ ನೆರಳಿಗೆ ಒಂದು ಅಂಗಡಿಯ ತಗಡಿನ ಚಾವಣಿ. ಡೇರಿಗೆ ಹಾಲು ಹಾಕಿ ಬಂದ ಒಬ್ಬ ಹೆಂಗಸು ಖಾಲಿ ಕ್ಯಾನಿನ ಮೇಲೆ ಕೂತಿದ್ದರು. ನನ್ನ ರೇಷ್ಮೆಯಂಚಿನ ಸೀರೆ, ಹಣೆಯ ವಿಭೂತಿ ನೋಡಿ, "ಮದ್ವೆ ಕರೆಯಾಕೆ ಹೊಂಟ್ರಾ?" ಎಂದರು.

"ಇಲ್ಲ, ನೀರಿನ ಪಾರ್ಕಿಗೆ ಕರೆಯೋಕೆ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯ, ಅದಕ್ಕೂ ಮನೆಗೋಗಿ ಕರೀತಾರಾ? ನಮ್ಮನೇಲಿ ಮದ್ವೇಗೇ ಫೋನಲ್ಲಿ ಕರೆದ್ರು ಕಣವ್ವ. ನಮ್ಮೆಜಮಾನ್ರು ಮುನಿಸ್ಕಂಡು ಹೋಗ್ನೇ ಇಲ್ಲ. ನಿಮ್ಮೋರು ಭಾರಿ ಮರ್ವಾದಸ್ತರು."

"ಹೌದು, ಮರ್ಯಾದಸ್ತರು," ಎಂದೆ. ಬಸ್ಸು ಬಂತು.

ಬೇಲೂರಿಗೆ ಇಳಿದಾಗ ಒಂದು ಗಂಟೆಯ ಬಿಸಿಲು. ದೇವಸ್ಥಾನದ ಬೀದಿಯಿಂದ ಒಳಗೆ ತಿರುಗಿದರೆ ಮಂಗಳಕ್ಕನ ಮನೆ. ಮುಂದೆ ಅವರ ಗಂಡನ ದಿನಸಿ ಅಂಗಡಿ, ಹಿಂದೆ ವಾಸ. ಮಂಗಳಕ್ಕ ನಡುಮನೆಯಲ್ಲಿ ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಬೀಜ ಬಿಡಿಸುತ್ತಿದ್ದರು. ಮಣ್ಣಿನ ದಿನ ಬಂದು ಹೋದವರು ಮತ್ತೆ ನಮ್ಮ ಮನೆಗೆ ಬಂದಿರಲಿಲ್ಲ. ಈ ಒಂಬತ್ತು ತಿಂಗಳಲ್ಲಿ ತುಂಬ ಇಳಿದುಹೋಗಿದ್ದರು.

"ಊಟ ಮಾಡು," ಎಂದರು. ಮುದ್ದೆ, ಬಸ್ಸಾರು. ಊಟವಾದ ಮೇಲೆ ನಾನೂ ಒಂದು ಮಣೆ ಎಳೆದುಕೊಂಡು ಹುಣಸೆಹಣ್ಣಿಗೆ ಕೂತೆ.

"ಫೋನ್ ಮಾಡಿದ್ರೆ ಆಯ್ತಿರಲಿಲ್ವಾ ಗಿರಿಜಾ? ಇಷ್ಟು ಬಿಸಿಲಲ್ಲಿ."

"ಫೋನಲ್ಲಿ ಬರಲ್ಲ ಅಂದ್ಬಿಟ್ರಲ್ಲ ಅಕ್ಕ."

"ಮನೆಗೆ ಬಂದ್ರೂ ಅದೇ ಅಂತೀನಿ." ಬೀಜ ಬುಟ್ಟಿಗೆ ಎಸೆದರು. "ನನಗೇನೈತೆ ಅಲ್ಲಿ? ಯಾರ ಜೊತೆ ಕೂತ್ಕಳ್ಳಿ? ಹಬ್ಬಕ್ಕೆ ಬಂದ್ರೆ ನಿಂತ್ಕಂಡೇ ಕಾಪಿ ಕುಡ್ದು ಮಂಡಿಗೆ ಟೈಮಾಯ್ತು ಅನ್ನೋನು. ವರ್ಸದಲ್ಲಿ ಅದೊಂದು ದಿನ ಕಣೇ ಅವನು ನನ್ನ ಪಕ್ಕ ಬೆಳಿಗ್ಗೆಯಿಂದ ಸಂಜೆಗಂಟ ಕೂರೋನು."

ಇದನ್ನು ನಾನು ಆ ರೀತಿ ಯೋಚಿಸಿಯೇ ಇರಲಿಲ್ಲ. ನೀರಿನಿಂದ ಎದ್ದು ಬಂದಾಗ ಟವೆಲ್ ಕೊಡುವ ಇಬ್ಬರು, ಅಷ್ಟೇ ಆಗಿದ್ದರು ಅವರು ನಮಗೆ.

"ಯಾವ ಪಾರ್ಕು ಅಂತವ್ರೆ?" ಎಂದು ತಾವೇ ಕೇಳಿದರು.

"ಬೆಂಗಳೂರಿಂದು ಅಂತಾಳೆ ನಾಗರತ್ನ."

"ಅದು ಬ್ಯಾಡ. ಅಲ್ಲಿ ಬೆಂಚಿಂದ ನೀರು ಕಾಣಲ್ಲ. ಒಂದ್ ಸಲ ಹೋಗಿದ್ವಲ್ಲ, ಅವನು ಸಂಜೆವರ್ಗೂ ಗೊಣಗಿದ."

"ನೆರಳಿಲ್ಲ ಅಂತ ಅಲ್ವಾ?"

ಮಂಗಳಕ್ಕ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ನೆರಳಾ? ನೆರಳಿಗೆ ಯಾವನು ಮೈಸೂರಿಗೆ ಹೋಯ್ತಾನೆ? ಅವನು ನಿನ್ನ ನೋಡ್ಕಂಡು ಕೂತಿರೋನು ಕಣೇ. ಆ ಅಲೆ ಬರೋ ಕೊಳ ಐತಲ್ಲ, ಸೈರನ್ ಕೂಗಿದೇಟ್ಗೆ ನೀನೂ ಹುಡುಗ್ರ ಜೊತೆ ಕೂಗೋಳು. ಅದ್ನ ಕೇಳಿ ನಗೋನು. 'ನೋಡಕ್ಕ, ಮನೇಲಿ ಇವಳ ದನಿ ಪಕ್ಕದ ಕ್ವಾಣೆಗೆ ಕೇಳಲ್ಲ, ಇಲ್ಲಿ ಹೆಂಗೆ ಅರಚ್ತಾಳೆ' ಅನ್ನೋನು. ಪ್ರತಿ ವರ್ಸ ಅದೇ ಮಾತು. ನಾನೂ ಹೊಸದಾಗಿ ಕೇಳ್ದಂಗೆ ಹೂಂ ಅನ್ನೋಳು."

ನನ್ನ ಬೆರಳಿಗೆ ಹುಣಸೆಯ ನಾರು ಅಂಟಿಕೊಂಡಿತ್ತು. ಬಿಡಿಸುತ್ತ ಕೂತೆ. ಇಪ್ಪತ್ತೇಳು ವರ್ಷ ಜೊತೆಗಿದ್ದ ಮನುಷ್ಯ ಈ ಮಾತನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ನಾನು ನಾಚಿಕೊಂಡು ಕೂಗುವುದನ್ನು ನಿಲ್ಲಿಸಿಬಿಡುತ್ತಿದ್ದೆ. ಅದು ಅವರಿಗೆ ಗೊತ್ತಿದ್ದಿರಬೇಕು.

"ಈ ಸಲ ನಿಮ್ಮ ಜೊತೆ ನಾನು ಕೂತ್ಕೋತೀನಿ ಅಕ್ಕ," ಎಂದೆ. "ಅವರ ಜಾಗದಲ್ಲಿ."

"ಬ್ಯಾಡ."

"ಯಾಕಕ್ಕ?"

"ನೀನೂ ಬಂದು ಕೂತ್ಕಂಡ್ರೆ ಇಬ್ರೂ ಏನು ನೋಡಾದು? ಖಾಲಿ ನೀರ್ನಾ?" ಅವರ ದನಿ ಒಡೆಯಿತು, ಆದರೆ ಕಣ್ಣು ಒರೆಸಿಕೊಳ್ಳಲಿಲ್ಲ. ಕೈ ಪೂರ್ತಿ ಹುಣಸೆಹಣ್ಣು. "ಅವನು ಹಂಗಂದ, ಹಿಂಗಂದ ಅಂತ ನೆಪ್ಪು ಮಾಡ್ಕಳಾಕಾದ್ರೂ ನೀನು ಅಲ್ಲಿರಬೇಕು. ನೀನು ನೀರಿಗಿಳಿಯಾದಾದ್ರೆ ನಾ ಬತ್ತೀನಿ. ಇಲ್ಲಾಂದ್ರೆ ಕರೀಬ್ಯಾಡ ನನ್ನ. ನಿನ್ ಕಾಲಿಗ್ ಬಿದ್ದೇನು."

ನಾನು ಇನ್ನೊಂದು ಹಣ್ಣು ಕೈಗೆತ್ತಿಕೊಂಡೆ. ಒಳಗೊಳಗೇ ಅಂಜಿಕೆ. ಜನ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಲ್ಲ ಅದು. ಪಾರ್ಕಿನ ಆ ಬಾಡಿಗೆಯ ನೈಲಾನ್ ಬಟ್ಟೆ ಹಾಕಿಕೊಂಡು ಇಳಿಯಬಹುದು. ಸೈರನ್ ಆದಾಗ ಗಂಟಲಿನಿಂದ ಏನು ಹೊರಡುತ್ತದೆ ಎಂಬುದೇ ನನಗೆ ಭಯ. ಈ ಒಂಬತ್ತು ತಿಂಗಳು ನಾನು ಜೋರಾಗಿ ಅತ್ತಿರಲಿಲ್ಲ. ಅವರ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಎಳೆಯುವಾಗಲೂ ಬಾಯಿ ಬಿಟ್ಟಿರಲಿಲ್ಲ. ಅದೆಲ್ಲ ಎಲ್ಲೋ ಒಳಗೆ ಹಾಗೆಯೇ ಇತ್ತು.

ಹೊರಡುವಾಗ ಮಂಗಳಕ್ಕ ಬಿಡಿಸಿದ ಹುಣಸೆಹಣ್ಣನ್ನು ಉಂಡೆ ಕಟ್ಟಿ ಕೊಟ್ಟರು. ಹೊಸಿಲಿನವರೆಗೆ ಬಂದು ನಿಂತರು. ನಾನು ಬೀದಿಯ ತಿರುವಿನಲ್ಲಿ ನೋಡಿದಾಗಲೂ ಅಲ್ಲೇ ಇದ್ದರು.

ನಾಲ್ಕು ಗಂಟೆಗೆ ಅರಸೀಕೆರೆಯ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟು. ಪಕ್ಕದಲ್ಲಿ ಬುಟ್ಟಿ ಹಿಡಿದುಕೊಂಡಿದ್ದ ಮಾತುಗಾರ ಹೆಂಗಸು. ಯಾವೂರು, ಎಷ್ಟು ಮಕ್ಕಳು, ಕೊಬ್ಬರಿಗೆ ಈಗೇನು ರೇಟು ಎಂದು ಒಂದೊಂದಾಗಿ ಕೇಳುತ್ತ ಬಂದರು. ಹಳೇಬೀಡಿನ ಕೆರೆ ಕಾಣುವ ಹೊತ್ತಿಗೆ ಶಿವಣ್ಣನ ಫೋನು ಬಂತು.

"ಅತ್ತಿಗೆ, ಬಸ್ಸಿನೋನು ಕೇಳ್ತಾವ್ನೆ. ಏನಾಯ್ತು?"

"ಮೈಸೂರಿಂದೇ ಮಾಡು."

"ಮಂಗಳಕ್ಕ ಬತ್ತಾಳಂತಾ?"

ಕೆರೆಯಲ್ಲಿ ನೀರು ಅಂಚಿನಿಂದ ಬಹಳ ಹಿಂದಕ್ಕೆ ಸರಿದಿತ್ತು. ಕೆಸರಿನಲ್ಲಿ ಎಮ್ಮೆಗಳು ಮಲಗಿದ್ದವು. "ಬರ್ತಾರೆ," ಎಂದೆ.

"ಅಬ್ಬ. ಹಂಗಾದ್ರೆ ಎಲ್ರೂ ಬಂದಂಗಾಯ್ತು." ಅಂದವನು ತಡೆದ. ಆಮೇಲೆ ವ್ಯವಹಾರದ ದನಿಯಲ್ಲಿ, "ಈಗ್ಲೇ ಬುಕ್ ಮಾಡ್ಬಿಡ್ತೀನಿ. ನೀರಿಗಿಳಿಯೋರಿಗೆ ಬೇರೆ ಟಿಕೆಟ್ಟು, ಸುಮ್ನೆ ಕೂರೋರಿಗೆ ಬೇರೆ ಟಿಕೆಟ್ಟು ಮಾಡವ್ರೆ. ಮಂಗಳಕ್ಕನ್ನೂ ನಿಮ್ಮನ್ನೂ ಕೂರೋರಲ್ಲಿ ಹಾಕ್ಲಾ?" ಎಂದ.

"ಅಕ್ಕನ್ನ ಹಾಕು. ನನ್ನ ನೀರಿನ ಕಡೆ ಹಾಕು."

"ಆಯ್ತು ಅತ್ತಿಗೆ," ಎಂದು ಮೆಲ್ಲಗೆ ಹೇಳಿ ಫೋನಿಟ್ಟ.

ನಾನು ಸೆರಗು ಕಣ್ಣಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತೆ. ಪಕ್ಕದ ಹೆಂಗಸು ಬುಟ್ಟಿಯನ್ನು ಕಾಲಿನ ಹತ್ತಿರ ಇಳಿಸಿ, ಜಾವಗಲ್ ಬರುವವರೆಗೂ ಒಂದು ಮಾತೂ ಕೇಳಲಿಲ್ಲ.