ಕ್ಯಾರಿಯರ್ ಬಿಚ್ಚಿಸಿದ ಮೇಲೆ

ನಮ್ಮ ಪಿಕಪ್ ಗಾಡಿಯ ಚಾವಣಿ ಸೋರತೊಡಗಿದ್ದು ಅದರ ಮೇಲಿದ್ದ ಕ್ಯಾರಿಯರನ್ನು ಬಿಚ್ಚಿಸಿದ ಮೇಲೆ. ಯಾರ ಮಾತಿಗೂ ಬಗ್ಗಿ ಬಿಚ್ಚಿಸಿದ್ದಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು.

ಹೆಂಡತಿ ಬನಾರಸಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಅವಳ ಕೆಲಸದ ಬೆನ್ನು ಹಿಡಿದು ಗದಗಿನಿಂದ ಬಂದ ನಾನು ಇಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡೆ. ಗಾಡಿ ಕೊಂಡದ್ದು ಅದಕ್ಕೇ. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬುವ ಗಿಡ್ಡ ತೊಟ್ಟಿ. ಬಿದಿರು, ನೆರಳಿನ ಬಲೆಯ ಸುರುಳಿ ಮುಂತಾದ ಉದ್ದನೆಯ ಸಾಮಾನು ತೊಟ್ಟಿಯಲ್ಲಿ ಹಿಡಿಯುತ್ತಿರಲಿಲ್ಲ. ಸೀಟುಗಳ ಮೇಲಿನ ಚಾವಣಿಗೆ ಎಂಟು ಬೋಲ್ಟು ಹಾಕಿ ಕಬ್ಬಿಣದ ಕ್ಯಾರಿಯರ್ ಕೂರಿಸಿದ್ದೆ.

ಇಲ್ಲಿನ ಶಿವಾಲ ಮೊಹಲ್ಲಾದಲ್ಲಿ ನಮ್ಮ ಮನೆಯ ಎದುರಿನ ಕೋಣೆಯಲ್ಲಿ ರಾಣೆಬೆನ್ನೂರು ಕಡೆಯ ಹಳ್ಳಿಯ ಒಬ್ಬ ಅಜ್ಜಿ ಇದ್ದಳು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲಿ ಸಾಯಬೇಕೆಂದು ಬಂದವಳು, ನಮ್ಮ ಮಗಳನ್ನು ಬೆಳೆಸುತ್ತ ಎಂಟು ವರ್ಷ ಬದುಕಿದಳು. ನಾವಿಬ್ಬರೂ ಕೆಲಸಕ್ಕೆ ಹೊರಟರೆ ಕೂಸು ಅವಳ ಮಡಿಲಲ್ಲಿ. ಬೀದಿಯ ಹಿಂದಿಯಲ್ಲಿ ಮುಳುಗಿಹೋಗುತ್ತಿದ್ದ ಮಗಳ ಬಾಯಲ್ಲಿ ಒಂದಿಷ್ಟು ಕನ್ನಡ ಉಳಿದಿದ್ದರೆ ಅದು ಅವಳಿಂದ.

ಹೋದ ಜೂನಿನಲ್ಲಿ, ಬಿಸಿಲು ಹೆಂಚಿನಂತೆ ಕಾದಿದ್ದ ಒಂದು ಮಧ್ಯಾಹ್ನ, ಅಜ್ಜಿ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಶವದ ಗಾಡಿ ಸಂಜೆಯವರೆಗೆ ಸಿಗದು ಎಂದರು. ಊರಿನಲ್ಲಿದ್ದ ಅವಳ ಮೈದುನನ ಮಗನಿಗೆ ಫೋನ್ ಮಾಡಿದರೆ, "ಅಲ್ಲೇ ನೀವೇ ಮಾಡಿಬಿಡ್ರಿ, ಪುಣ್ಯ ಬರ್ತೈತಿ" ಎಂದ. ಇಲ್ಲಿ ನಮ್ಮವು ಹತ್ತು ಹನ್ನೆರಡು ಕನ್ನಡದ ಮನೆಗಳು. ಅವಕ್ಕೆಲ್ಲ ಹಿರಿಯರಂತಿದ್ದ, ಧಾರವಾಡ ಕಡೆಯ ಪ್ರೊಫೆಸರರೊಬ್ಬರಿಗೆ ಫೋನ್ ಮಾಡಿದೆ.

"ನೀವು ತಗೊಂಡು ಬರ್ರಿ. ನಾವು ನಾಕು ಮಂದಿ ಘಾಟಿನ ಗಲ್ಲಿ ಬಾಯಾಗ ನಿಂತಿರ್ತೀವಿ. ಹೆಗಲು ಕೊಡಾಕ ನಾವಿಲ್ಲೇನು?" ಎಂದರು.

ಚಟ್ಟವನ್ನು ಕ್ಯಾರಿಯರಿಗೆ ಕಟ್ಟಿದೆ. ಸುತ್ತಲ ಹಳ್ಳಿಗಳಿಂದ ದಿನವೂ ಜೀಪಿನ ನೆತ್ತಿಯ ಮೇಲೆ ಹೀಗೆಯೇ ಹೆಣಗಳು ಬರುತ್ತವೆ. ಯಾರೂ ತಿರುಗಿ ನೋಡುವುದಿಲ್ಲ. ಸೋನಾರ್‌ಪುರದ ರಸ್ತೆಯಲ್ಲಿ, ಹರಿಶ್ಚಂದ್ರ ಘಾಟಿಗೆ ಇಳಿಯುವ ಗಲ್ಲಿಯ ಬಾಯಲ್ಲಿ ಗಾಡಿ ನಿಲ್ಲಿಸಿ ಕಾದೆ. ಒಂದು ಗಂಟೆಯಾಯಿತು. ಮತ್ತೊಂದು ಅರ್ಧ ಗಂಟೆ. ಯಾರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಕೊನೆಗೆ ಕಟ್ಟಿಗೆ ಅಂಗಡಿಯ ಇಬ್ಬರು ಆಳುಗಳು, ಒಬ್ಬ ಇ-ರಿಕ್ಷಾದವನು ಹೆಗಲು ಕೊಟ್ಟರು. ನಾಲ್ಕನೆಯವನು ನಾನು. ಬೆಂಕಿ ಇಟ್ಟವನೂ ನಾನೇ.

ಮರುದಿನ ಪ್ರೊಫೆಸರರೇ ಫೋನ್ ಮಾಡಿದರು. "ಬಿಸಲಿಗೆ ಬಿ.ಪಿ. ಏರಿಬಿಡ್ತು ನೋಡ್ರಿ, ಏಳಾಕ ಆಗಲಿಲ್ಲ" ಎಂದರು. ಉಳಿದ ಮೂವರ ಸುದ್ದಿ ಎತ್ತಲಿಲ್ಲ. ಅದರ ಬದಲು, "ಆದ್ರೂ ಒಂದ್ ಮಾತು. ಹೆಂಗಸರು ಮಕ್ಕಳು ಕೂಡೋ ಗಾಡಿ ಅದು. ಅದರ ಮ್ಯಾಲ ಹೆಣಾ ಕಟ್ಟಬಾರದಿತ್ತು ನೀವು" ಎಂದರು.

ಅಲ್ಲಿಯವರೆಗೆ ಆ ಗಾಡಿ ಎಲ್ಲರ ಗಾಡಿಯಾಗಿತ್ತು. ಸ್ಟೇಷನ್ನಿಗೆ ಬಿಡುವುದಕ್ಕೆ, ಮನೆ ಬದಲಿಸುವಾಗ ಕಪಾಟು ಸಾಗಿಸುವುದಕ್ಕೆ, ಮಿರ್ಜಾಪುರದ ಜಲಪಾತಕ್ಕೆ ಊಟ ಕಟ್ಟಿಕೊಂಡು ಹೋಗುವುದಕ್ಕೆ. ಜೂನಿನ ನಂತರ ಯಾರೂ ಕೇಳಲಿಲ್ಲ. ಒಬ್ಬರ ಮನೆಯ ನಾಮಕರಣಕ್ಕೆ ಹೋದಾಗ, ಗಾಡಿಯನ್ನು ಬಾಗಿಲ ಮುಂದೆ ಬೇಡ, ರಸ್ತೆಯಲ್ಲಿ ನಿಲ್ಲಿಸಿ ಬನ್ನಿ ಎಂದರು. ಹೆಂಡತಿ ಅಲ್ಲಿ ಸರಿಯಾಗಿ ಉಣ್ಣಲಿಲ್ಲ. ಮನೆಗೆ ಬಂದು, "ಆ ಕ್ಯಾರಿಯರ್ ಒಂದು ತಗಸಿಬಿಡ್ರಿ, ಕೈ ಮುಗೀತೀನಿ" ಎಂದಳು. ಆಗಲೂ ತೆಗೆಸಲಿಲ್ಲ. ಆದರೆ ಶಾಲೆ ಶುರುವಾದ ಮೇಲೆ ಮಗಳೂ ಗೇಟಿನವರೆಗೆ ಬಾರದೆ ಎರಡು ಗಲ್ಲಿ ಹಿಂದೆಯೇ ಇಳಿಯತೊಡಗಿದಳು. ಮುಖ ಆಚೆ ತಿರುಗಿಸಿ ಇಳಿದು ಹೋಗಿಬಿಡುತ್ತಿದ್ದಳು. ಇವಳಿಗೂ ನಾಚಿಕೆಯಾಯಿತೇ ಎಂದುಕೊಂಡೆ. ಅದನ್ನು ಮಾತ್ರ ತಾಳಿಕೊಳ್ಳಲಾಗಲಿಲ್ಲ.

ಸೋನಾರ್‌ಪುರದ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಕ್ಯಾರಿಯರನ್ನು ಬಡಿದು ನೋಡಿ, ಇಷ್ಟು ಗಟ್ಟಿ ಮಾಲನ್ನು ಯಾಕೆ ತೆಗೆಸುತ್ತೀರಿ ಭಯ್ಯಾ ಎಂದು ಹಿಂದಿಯಲ್ಲಿ ಕೇಳಿದ. ಗಾಳಿ ತಡೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ ಎಂದೆ. ಅವನು ಬೋಲ್ಟಿನ ತೂತುಗಳಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದು ಕಳಿಸಿದ. ಕ್ಯಾರಿಯರನ್ನು ಹಳೇ ಕಬ್ಬಿಣದವನಿಗೆ ಕೊಟ್ಟುಬಂದೆ.

ಮೊದಲ ದೊಡ್ಡ ಮಳೆಗೇ ನನ್ನ ಹೆಗಲ ಮೇಲೆ ಹನಿ ಬಿತ್ತು. ಮರುದಿನ ಹಿಂದಿನ ಸೀಟು ತೊಯ್ದು ತೊಪ್ಪೆ. ಪುಟ್ಟಿಯ ಮೇಲೆಲ್ಲ ನಾನೇ ಸಿಲಿಕಾನ್ ಬಳಿದೆ. ಎರಡು ದಿನ ನಿಂತು ಮತ್ತೆ ಸೋರಿತು. ಸೀಟಿನ ಸ್ಪಂಜು ಕೊಳೆತು, ಬಾಗಿಲು ತೆರೆದರೆ ಮುಗ್ಗಲು ವಾಸನೆ. ಸೋಜಿಗವೆಂದರೆ ಹನಿ ಬೀಳುತ್ತಿದ್ದಲ್ಲಿ ಮೇಲೆ ತೂತೇ ಇರಲಿಲ್ಲ.

ಮಳೆ ಬಿಟ್ಟ ಒಂದು ಭಾನುವಾರ ಚಾವಣಿಯ ಒಳಮೈಯ ರೆಕ್ಸಿನ್ ಹೊದಿಕೆಯನ್ನು ಪೂರಾ ಕಿತ್ತೆ. ಒಳಗೆ ಕೂತು ನೋಡುವವರೊಬ್ಬರು ಬೇಕಿತ್ತು. ಹೆಂಡತಿಯನ್ನು ಕರೆದರೆ ಮಗಳು ಟಾರ್ಚ್ ಹಿಡಿದು ಬಂದಳು. ನಾನು ಏಣಿ ಹತ್ತಿ ಒಂದೊಂದೇ ತೂತಿನ ಮೇಲೆ ತಂಬಿಗೆಯಿಂದ ನೀರು ಬಿಡುತ್ತ ಹೋದೆ.

"ಇಲ್ಲ ಪಪ್ಪಾ... ಇನ್ನೂ ಇಲ್ಲ... ಹಾಂ, ಬಂತು!"

ಮುಂಭಾಗದ ತೂತಿನಿಂದ ಇಳಿದ ನೀರು ಒಳಗಿನ ಕಬ್ಬಿಣದ ಪಟ್ಟಿಯ ಗುಂಟ ಹಿಂದಕ್ಕೆ ಹರಿದು, ಮೂರು ಅಡಿ ಆಚೆ ಹನಿಯುತ್ತಿತ್ತು. ಪುಟ್ಟಿಯ ಕೆಳಗೆಲ್ಲ ತುಕ್ಕು.

ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಕ್ಯಾರಿಯರ್ ಯಾಕ ತಗದ್ರಿ?" ಎಂದಳು.

"ನಿನಗ ನಾಚಿಕಿ ಆಗ್ತಿತ್ತಲ್ಲ. ಗೇಟಿನ ತನಕಾ ಬರ್ತಿರಲಿಲ್ಲಲ್ಲ ನೀ."

"ನಾಚಿಕಿ ಅಲ್ಲ ಪಪ್ಪಾ." ಅಲ್ಲಿಂದ ಹಿಂದಿ ಭಾಷೆಗೆ ಹೊರಳಿದಳು. ಗಾಡಿಯಲ್ಲಿ ಕೂತರೆ ಅಜ್ಜಿ ಮೇಲೆ ಮಲಗಿದ್ದಾಳೆ ಅನ್ನಿಸುತ್ತಿತ್ತಂತೆ. ಅಳು ಬರುತ್ತಿತ್ತಂತೆ. ಅತ್ತ ಮುಖದಲ್ಲಿ ಗೇಟಿನ ಮುಂದೆ ಇಳಿಯುವುದು ಹೇಗೆ? ಎರಡು ಗಲ್ಲಿ ನಡೆದರೆ ಮುಖ ಸರಿಹೋಗುತ್ತಿತ್ತಂತೆ. "ನೀವು ನನ್ನ ಕೇಳಲೇ ಇಲ್ಲ" ಎಂದು ಮತ್ತೆ ಕನ್ನಡದಲ್ಲಿ ಹೇಳಿ, ಟಾರ್ಚ್ ಆರಿಸಿದಳು.

ತಂಬಿಗೆಯಲ್ಲಿ ಉಳಿದ ನೀರು ಚೆಲ್ಲಿ ಏಣಿ ಇಳಿದೆ. ಘಾಟಿಗೆ ತಾನೂ ಬರುತ್ತೇನೆಂದು ಅವಳು ಹಟ ಹಿಡಿದಾಗಲೂ, ಮಕ್ಕಳು ಬರಬಾರದು ಎಂದು ಗದರಿ ಬಿಟ್ಟುಹೋದವನು ನಾನೇ.

ಆಮೇಲೆ ಪುಟ್ಟಿಯನ್ನೆಲ್ಲ ಉಳಿಯಿಂದ ಎಬ್ಬಿಸಿ ತೆಗೆದೆ. ಬಿಳಿ ತಗಡು ಕಾಣುವವರೆಗೆ ಮರಳು ಕಾಗದದಿಂದ ತಿಕ್ಕಿದೆ. ಬೆರಳ ತುದಿ ಸುಲಿದು ಉರಿಯಿತು. ಮತ್ತೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದು ಒಣಗಲು ಬಿಟ್ಟೆ. ಹಳೆಯ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ವಾಷರ್ ಮಾಡಿ, ಮೇಲೂ ಕೆಳಗೂ ಸಿಲಿಕಾನ್ ಹಾಕಿ, ಎಂಟು ತೂತುಗಳಿಗೂ ಗಿಡ್ಡ ಬೋಲ್ಟು ಬಿಗಿದೆ. ಕೊನೆಯದನ್ನು ಬಿಗಿಯುತ್ತಿದ್ದಾಗ ಪ್ರೊಫೆಸರರು ಗಲ್ಲಿಯಲ್ಲಿ ನಡೆದು ಬಂದರು. ನಮ್ಮ ಮನೆಯ ಕಡೆ ಅವರು ಬಂದು ತಿಂಗಳ ಮೇಲಾಗಿತ್ತು.

"ಅದನ್ನ ತಗಸಿದ್ದು ಭಾಳ ಚಲೋ ಆತು ನೋಡ್ರಿ" ಎಂದು ಬೋಳು ಚಾವಣಿಯನ್ನು ನೋಡಿ ನಕ್ಕರು. "ಬರೋ ಐತವಾರ ಎಲ್ಲಾರೂ ಕೂಡಿ ಜಲಪಾತಕ್ಕ ಹೋಗೂಣಂತ. ಗಾಡಿ ನಿಮ್ದು, ಊಟಾ ನಮ್ದು."

"ಗಾಡಿ ಸಿಗೂದಿಲ್ರಿ ಸರ್."

"ಯಾಕ, ಸೋರ್ತದೇನು?"

"ಇಲ್ಲ, ಇನ್ನ ಸೋರೂದಿಲ್ಲ. ಸಿಗೂದಿಲ್ಲ ಅಷ್ಟ."

ಅವರ ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲಿತ್ತು. ಒಳಗೆ ಬನ್ನಿ ಎಂದು ನಾನು ಅನ್ನಲಿಲ್ಲ. ಅವರು ಹೋದ ಮೇಲೆ ಹೆಂಡತಿ ಹೊಸ್ತಿಲಲ್ಲಿ ನಿಂತು, "ನಮಗ ಈ ಊರಾಗ ಬ್ಯಾರೆ ಯಾರದಾರ್ರಿ? ನಾಳೆ ನಮಗೇನರ ಆದ್ರ ಯಾರು ಬರ್ತಾರ?" ಎಂದಳು.

"ಯಾರೂ ಬರೂದಿಲ್ಲ. ನೋಡಿದೀವಲ್ಲ" ಎಂದೆ. ಅವಳು ಅಳುತ್ತ ಒಳಗೆ ಹೋದಳು. ಹಾಗೆ ಹೇಳಬಾರದಿತ್ತು, ನಾಮಕರಣದ ಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದವಳು ಅವಳು, ನಾನಲ್ಲ.

ಆ ಭಾನುವಾರ ಅವರೆಲ್ಲ ಬಾಡಿಗೆ ವ್ಯಾನಿನಲ್ಲಿ ಹೋದರು. ಹೆಂಡತಿಯೂ ಹೋದಳು. ನಾನು, ಮಗಳು ಮನೆಯಲ್ಲಿ ಉಳಿದೆವು. ಬೆಳಗಿನಿಂದ ಸುರಿದ ಮಳೆಗೆ ಗಾಡಿಯೊಳಗೆ ಒಂದು ಹನಿಯೂ ಬೀಳಲಿಲ್ಲ. ಮಗಳಿಗೆ ಅದನ್ನು ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ "ಹೂಂ" ಎಂದಳು.